ಹಳೇ ಸೊಂಟ ನೋವಿಗೆ ಸೂಜಿ ಚಿಕಿತ್ಸೆ: ಯಾರಿಗೆ, ಹೇಗೆ, ಎಷ್ಟರ ಮಟ್ಟಿಗೆ?

ಕೋಲಾರ, ಚಿಕ್ಕಬಳ್ಳಾಪುರ ಕಡೆ ಸೊಂಟ ನೋವಿಲ್ಲದ ಮನೆ ಹುಡುಕುವುದು ಕಷ್ಟ. ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸುಗಳನ್ನು ಬೆಳಗಿನಿಂದ ಲಾರಿಗೆ ಏರಿಸುವ ಹಮಾಲರಿಗೆ ಇದೆ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ರೇಷ್ಮೆ ನೂಲು ತೆಗೆಯುವವರಿಗೆ ಇದೆ. ಬಗ್ಗಿ ಕಳೆ ಕೀಳುವ ಹೆಂಗಸರಿಗೆ, ಬೆಳಗ್ಗೆ ಸಂಜೆ ಹಾಲು ಕರೆಯುವವರಿಗೆ, ಬಂಗಾರಪೇಟೆ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗಿ ಬರುವ ನೌಕರರಿಗೂ ಇದೆ. ಎಣ್ಣೆ ತಿಕ್ಕಿಸಿದ್ದಾಯಿತು, ಬೆಲ್ಟ್ ಕಟ್ಟಿದ್ದಾಯಿತು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದ್ದಾಯಿತು. ಈಗ ಅಕ್ಯುಪಂಕ್ಚರ್ ಬೋರ್ಡುಗಳು ಊರೂರಲ್ಲೂ ಕಾಣತೊಡಗಿವೆ. ಹಾಗಾಗಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ: "ಸೂಜಿ ಚುಚ್ಚಿಸಿಕೊಂಡರೆ ಹೋಗುತ್ತಂತೆ, ಹೌದಾ?"

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೆಲವರಿಗೆ, ಸ್ವಲ್ಪ ಮಟ್ಟಿಗೆ ಹೌದು. ಎಲ್ಲರಿಗೂ ಅಲ್ಲ, ಪೂರ್ತಿ ಅಲ್ಲ. ಅದು ಕೆಲಸ ಮಾಡುವ ರೀತಿಯೂ ಬೋರ್ಡಿನಲ್ಲಿ ಬರೆದಂತೆ ಇಲ್ಲದಿರಬಹುದು.

ಹಳೇ ನೋವು ಅಂದರೆ ಎಷ್ಟು ಹಳೇದು?

ಭಾರ ಎತ್ತಿದಾಗ ಸೊಂಟ ಹಿಡಿದುಕೊಳ್ಳುವುದು ಒಂದು ಥರ. ಅದು ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಡುವೆ ಯಾರು ಯಾವ ಮದ್ದು ಕೊಟ್ಟಿದ್ದರೂ ಹೆಸರು ಅವರಿಗೇ ಹೋಗುತ್ತದೆ! ಮೂರು ತಿಂಗಳು ದಾಟಿಯೂ ಉಳಿದ ನೋವನ್ನು ಡಾಕ್ಟರುಗಳು ದೀರ್ಘಕಾಲದ ನೋವು ಎನ್ನುತ್ತಾರೆ. ಈ ಲೇಖನ ಅದರ ಬಗ್ಗೆ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನ ಸೊಂಟ ನೋವಿನಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಇದು 84.3 ಕೋಟಿ ಆಗಬಹುದು ಎಂಬ ಅಂದಾಜಿದೆ. ಜನ ಕೆಲಸ ಮಾಡಲಾಗದೆ ಕೂರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಯಾವುದೂ ಇಲ್ಲ.

"ಗ್ಯಾಪ್ ಬಂದಿದೆ" ಅಂದರಲ್ಲ?

ಎಂಆರ್‌ಐ ಮಾಡಿಸಿಕೊಂಡು ಬಂದವರು ಸಾಮಾನ್ಯವಾಗಿ ಹೇಳುವ ಮಾತು ಇದು. ಬೆನ್ನು ಮೂಳೆಯಲ್ಲಿ ಗ್ಯಾಪ್ ಬಂದಿದೆ, ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಡಿಸ್ಕ್ ಉಬ್ಬಿದೆ. ರಿಪೋರ್ಟಿನಲ್ಲಿ ಹಾಗೆ ಇರುವುದು ನಿಜ. ಆದರೆ ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತದೆ? ಹಾಗೆ ನೋಡಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟು ಹಾಕಿದರು. ಯಾವ ನೋವೂ ಇಲ್ಲದ 3,110 ಜನರ ಲೆಕ್ಕ ಅದು. 20ರ ಹರೆಯದವರಲ್ಲೇ 100ಕ್ಕೆ 37 ಜನರ ಡಿಸ್ಕ್ ಸವೆದಿತ್ತು. 50ರ ಆಸುಪಾಸಿನವರಲ್ಲಿ 80 ಜನರದ್ದು ಸವೆದಿತ್ತು, 60 ಜನರದ್ದು ಉಬ್ಬಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು.

ಅಂದರೆ ಸ್ಕ್ಯಾನಿನಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣ ಅಲ್ಲ. ಸೊಂಟ ನೋವೆಂದು ಬರುವ 10 ಜನರಲ್ಲಿ ಸುಮಾರು 9 ಜನರಿಗೆ "ಇದೇ ಕಾರಣ" ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಗುವುದಿಲ್ಲ. ಹಾಗಾದರೆ ನೋವು ಎಲ್ಲಿಂದ ಬರುತ್ತಿದೆ?

ಬೋರ್‌ವೆಲ್ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟರ್ ಸುಟ್ಟು ಹೋಗದಿರಲಿ ಎಂದು ಸ್ಟಾರ್ಟರ್ ಪೆಟ್ಟಿಗೆಯೊಳಗೆ ಒಂದು ರಿಲೇ ಇರುತ್ತದೆ. ಕರೆಂಟು ಜಾಸ್ತಿ ಎಳೆದರೆ ಟ್ರಿಪ್ ಆಗಿ ಮೋಟರ್ ನಿಲ್ಲಿಸುತ್ತದೆ. ಒಮ್ಮೆ ಮೋಟರ್ ಕೆಟ್ಟು ರಿಪೇರಿಯಾದ ಮೇಲೆ ಯಾರೋ ಆ ರಿಲೇಯ ಸೆಟ್ಟಿಂಗ್ ತೀರಾ ಕೆಳಗೆ ಇಳಿಸಿಬಿಟ್ಟರು ಎಂದುಕೊಳ್ಳಿ. ಆಮೇಲೆ ವೋಲ್ಟೇಜ್ ಒಂಚೂರು ಅತ್ತಿತ್ತ ಆದರೂ ಟ್ರಿಪ್. ಸಾವಿರ ಅಡಿಯಿಂದ ಪೈಪು ಎತ್ತಿಸಿ ಮೋಟರ್ ಬಿಚ್ಚಿ ನೋಡಿದರೂ ದೋಷ ಸಿಗುವುದಿಲ್ಲ. ತೊಂದರೆ ಇರುವುದು ಮೇಲೆ, ಪೆಟ್ಟಿಗೆಯಲ್ಲಿ. ಹಳೇ ಸೊಂಟ ನೋವಿನಲ್ಲೂ ಎಷ್ಟೋ ಸಲ ಮೊದಲ ಪೆಟ್ಟು ಮಾಸಿರುತ್ತದೆ. ಬೆನ್ನುಹುರಿ ಮತ್ತು ಮಿದುಳು ಮಾತ್ರ ಸಣ್ಣ ಸೂಚನೆಗೂ ಟ್ರಿಪ್ ಆಗುತ್ತಿರುತ್ತವೆ. ಹಾಗಂತ ನೋವು ಸುಳ್ಳಲ್ಲ. ಮೋಟರ್ ನಿಂತದ್ದು ನಿಜ ತಾನೇ?

ನಿದ್ದೆಗೆಟ್ಟರೆ, ಚಿಂತೆ ಜಾಸ್ತಿಯಾದರೆ, ಅಲುಗಾಡಲು ಹೆದರಿ ಮಲಗಿಬಿಟ್ಟರೆ ನೋವು ಹೆಚ್ಚುವುದೂ ಇದೇ ಕಾರಣಕ್ಕೆ. ಸೂಜಿ ಚಿಕಿತ್ಸೆ ಏನಾದರೂ ಮಾಡುತ್ತದೆ ಎಂದರೆ ಮುಖ್ಯವಾಗಿ ಈ ಪೆಟ್ಟಿಗೆಯ ಮೇಲೆ. ಸವೆದ ಡಿಸ್ಕನ್ನು ಅದು ಬೆಳೆಸುವುದಿಲ್ಲ, ಗ್ಯಾಪ್ ಮುಚ್ಚುವುದೂ ಇಲ್ಲ.

ಸೂಜಿಗೂ ಮೊದಲು ಡಾಕ್ಟರ್ ನೋಡಬೇಕಾದ ನೋವುಗಳು

ಹತ್ತರಲ್ಲಿ ಒಂಬತ್ತು ಆಯಿತು. ಉಳಿದ ಒಂದರ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಸ್ವಲ್ಪ ಜಾಸ್ತಿಯೇ ಹುಷಾರಾಗಿರಬೇಕು.

ಮೊದಲನೆಯದು ಫ್ಲೋರೈಡ್. ಬಾಗೇಪಲ್ಲಿ, ಪಾವಗಡದಂಥ ತಾಲ್ಲೂಕುಗಳಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ತುಂಬಾ ಜಾಸ್ತಿ ಕುಡಿದರೆ ಫ್ಲೋರೈಡ್ ಮೂಳೆಯಲ್ಲಿ ಕೂರುತ್ತದೆ. ಬೆನ್ನು, ಸೊಂಟ, ಕುತ್ತಿಗೆ ಮರದ ಹಾಗೆ ಬಿಗಿಯುತ್ತವೆ, ಬಗ್ಗಲು ಆಗುವುದಿಲ್ಲ. ಹಲ್ಲಿನಲ್ಲಿ ಕಂದು ಕಲೆ ಇದ್ದು, ಊರಿನಲ್ಲಿ ಹಲವರಿಗೆ ಇದೇ ಥರ ಬಿಗಿತ ಇದ್ದರೆ ಮೊದಲು ಬದಲಾಗಬೇಕಾದ್ದು ಕುಡಿಯುವ ನೀರು.

ಎರಡನೆಯದು ಬೆನ್ನು ಮೂಳೆಯ ಟಿಬಿ. ಟಿಬಿ ಎಂದರೆ ಕೆಮ್ಮು ಎಂದೇ ನಾವು ಅಂದುಕೊಂಡಿದ್ದೇವೆ. ಅದು ಬೆನ್ನು ಮೂಳೆಗೂ ಬರುತ್ತದೆ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದರ ಲಕ್ಷಣಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ಮೂರನೆಯದು ಹಸು ಸಾಕುವವರಿಗೆ ಸಂಬಂಧಿಸಿದ್ದು: ಬ್ರೂಸೆಲ್ಲಾ ಸೋಂಕು. ಕಂದು ಹಾಕಿದ (ಗರ್ಭ ಕಳೆದುಕೊಂಡ) ಹಸುವಿನ ಸತ್ತೆಯನ್ನು, ಅಂದರೆ ಮಾಸನ್ನು, ಬರಿಗೈಯಲ್ಲಿ ಎತ್ತಿದವರಿಗೆ, ಹಸಿ ಹಾಲು ಕುಡಿದವರಿಗೆ ಬರಬಹುದು. ಬಂದು ಹೋಗುವ ಜ್ವರ, ಬೆವರು, ಕೀಲು ನೋವು, ಸೊಂಟ ನೋವು. ಮನೆಯಲ್ಲಿ ಹಸು ಇದೆ ಎಂದು ಡಾಕ್ಟರಿಗೆ ನಾವೇ ಹೇಳಬೇಕು, ಅವರು ಕೇಳದೇ ಇರಬಹುದು.

ಇನ್ನು ಊರು ಯಾವುದಾದರೂ ಸರಿ, ತಡ ಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳಿವೆ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮತ್ತು ತೊಡೆ ಸಂದು ಜೋಮು ಹಿಡಿದಂತಾಗುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕಡಿಮೆಯಾಗುವುದು. ಇದರಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಬೈಕಿನಿಂದ ಬಿದ್ದ ಮೇಲೆ ಶುರುವಾದ ನೋವು, ಮೊದಲು ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡ ವಯಸ್ಸಾದವರ ನೋವು ಕೂಡ ಮೊದಲು ಡಾಕ್ಟರ್ ಹತ್ತಿರವೇ ಹೋಗಬೇಕು. ಹುಡುಗ ವಯಸ್ಸಿನವರಿಗೆ ಬೆಳಗ್ಗೆ ಎದ್ದಾಗ ಬೆನ್ನು ಬಿಗಿದಿದ್ದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಕೀಲುವಾತದ ಒಂದು ಬಗೆಯೂ ಆಗಿರಬಹುದು.

ಒಳಗೆ ಹೋದರೆ ಏನು ಮಾಡುತ್ತಾರೆ?

ಸೂಜಿ ಎಂದ ಕೂಡಲೇ ಇಂಜೆಕ್ಷನ್ ನೆನಪಾಗುತ್ತದೆ. ಇದು ಅದಲ್ಲ. ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳು, ಮಾಮೂಲಿ ಬಳಸುವುದು ಅರ್ಧ ಮಿಲಿಮೀಟರಿಗಿಂತ ದಪ್ಪ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ಸ್ಟೀಲ್ ಎಳೆ, ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟೇ ದಪ್ಪ. ಅದರಿಂದ ಮೈಯೊಳಗೆ ಯಾವ ಮದ್ದೂ ಹೋಗುವುದಿಲ್ಲ.

ಬೋರಲು ಮಲಗಿಸುತ್ತಾರೆ. ಚರ್ಮ ಒರೆಸುತ್ತಾರೆ. ಚಿಕ್ಕ ಪ್ಲಾಸ್ಟಿಕ್ ನಳಿಕೆಯನ್ನು ಜಾಗದ ಮೇಲಿಟ್ಟು, ಅದರೊಳಗಿನ ಸೂಜಿಯ ತಲೆಗೆ ಬೆರಳಿನಿಂದ ಟಕ್ ಎಂದು ಒಂದು ತಟ್ಟುತ್ತಾರೆ. ನಳಿಕೆ ತೆಗೆದು ಸೂಜಿಯನ್ನು ಇನ್ನಷ್ಟು ಒಳಗೆ ಇಳಿಸುತ್ತಾರೆ. ಚರ್ಮ ದಾಟುವಾಗ ನೋವು ಆಗುವುದು ಕಡಿಮೆ. ಆಮೇಲೆ ಸೂಜಿಯನ್ನು ಸ್ವಲ್ಪ ತಿರುವಿದಾಗ ಒಳಗೆ ಭಾರವಾದಂತೆ, ಎಳೆದಂತೆ, ಜುಮ್ಮೆಂದಂತೆ ಆಗುತ್ತದೆ. ಆ ಅನುಭವ ಬಂದರೆ ಸೂಜಿ ಸರಿಯಾದ ಜಾಗದಲ್ಲಿದೆ ಎಂದು ಚಿಕಿತ್ಸಕರು ತಿಳಿಯುತ್ತಾರೆ. ಚುರ್ರೆಂದು ಕರೆಂಟು ಹೊಡೆದಂತೆ ಕಾಲಿಗೆ ಇಳಿದರೆ ಮಾತ್ರ ಸುಮ್ನೆ ಇರಬೇಡಿ, ಹೇಳಿ. ನರಕ್ಕೆ ತಾಗಿರಬಹುದು.

ಸೊಂಟ ನೋವಿಗೆ ಸೊಂಟದಲ್ಲಷ್ಟೇ ಚುಚ್ಚುವುದಿಲ್ಲ. ಮೊಣಕಾಲಿನ ಹಿಂದೆ ಮಡಿಚುವ ಗೆರೆ ಇದೆಯಲ್ಲ, ಅದರ ನಡುವಿನ ಒಂದು ಬಿಂದು ಇದಕ್ಕೆ ಹಳೇ ಕಾಲದಿಂದಲೂ ಪ್ರಸಿದ್ಧ. ಪಿರ್ರೆ, ಹಿಮ್ಮಡಿಯ ಪಕ್ಕ, ಕೆಲವೊಮ್ಮೆ ಕೈಯಲ್ಲೂ ಇಡುತ್ತಾರೆ. ಸೂಜಿ ಹಾಗೇ ಬಿಟ್ಟು 20ರಿಂದ 30 ನಿಮಿಷ ಮಲಗಿರಬೇಕು. ಕೆಲವರು ಸೂಜಿಗೆ ಕ್ಲಿಪ್ ಹಾಕಿ ಸಣ್ಣಗೆ ಕರೆಂಟು ಹರಿಸುತ್ತಾರೆ. ತೆಗೆಯುವಾಗ ಹತ್ತಿಯಿಂದ ಒತ್ತುತ್ತಾರೆ. ಅಷ್ಟೇ.

ಬೋರ್ಡುಗಳಲ್ಲಿ ಇದರ ಜೊತೆಗೆ ಕಾಣುವ ಬೇರೆ ಹೆಸರುಗಳೂ ಇವೆ. ಅಕ್ಯುಪ್ರೆಶರ್ ಎಂದರೆ ಅದೇ ಬಿಂದುಗಳನ್ನು ಬೆರಳಿನಿಂದ ಒತ್ತುವುದು. ಡ್ರೈ ನೀಡ್ಲಿಂಗ್ ಎಂದರೆ ಫಿಸಿಯೋಥೆರಪಿಸ್ಟುಗಳು ಅಂಥದ್ದೇ ಸೂಜಿಯಿಂದ ಬಿಗಿದ ಸ್ನಾಯುವಿನ ಗಂಟಿಗೆ ಚುಚ್ಚುವುದು. ಬರೀ ಮುಟ್ಟಿ ವಾಸಿ ಮಾಡುತ್ತೇವೆ ಎನ್ನುವವರೂ ಇದ್ದಾರೆ. ಮುಂದೆ ಹೇಳುವ ಅಧ್ಯಯನಗಳು ಸೂಜಿ ಚುಚ್ಚುವ ಅಕ್ಯುಪಂಕ್ಚರಿನವು.

ಚೀನಾದಿಂದ ನಮ್ಮಲ್ಲಿಗೆ

ಎರಡು ಸಾವಿರ ವರ್ಷದ ಹಿಂದಿನ ಚೀನೀ ವೈದ್ಯಗ್ರಂಥಗಳಲ್ಲೇ ಸೂಜಿ ಚಿಕಿತ್ಸೆಯ ಮಾತಿದೆ. ಭಾರತಕ್ಕೆ ಬಂದ ದಾರಿ ಸ್ವಾರಸ್ಯದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐವರು ಡಾಕ್ಟರುಗಳನ್ನು ಕಳುಹಿಸಿತು. ಅದರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು ಕೊಲ್ಕತ್ತಾದಲ್ಲಿ ಶುರು ಮಾಡಿದರು.

ಪಶ್ಚಿಮದ ದೇಶಗಳಲ್ಲಿ ಹವಾ ಎದ್ದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂತು. ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರು ಎಂದು ಇವತ್ತಿಗೂ ಕಥೆ ಓಡಾಡುತ್ತದೆ. ನಿಜಕ್ಕೂ ಆಪರೇಷನ್ ಆದದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟು. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆ ಉಬ್ಬರಿಸಿ ಸಂಕಟವಾದಾಗ.

ಸೂಜಿ ಒಳಗೆ ಏನು ಮಾಡುತ್ತದೆ?

ಚೀನೀ ವಿವರಣೆ ಹೀಗಿದೆ: ಮೈಯಲ್ಲಿ "ಚಿ" ಎಂಬ ಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ. ತಡೆ ಬಿದ್ದ ಕಡೆ ನೋವು. ಸೂಜಿ ಆ ತಡೆ ಬಿಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿ ಆ ದಾರಿಗಳ ಮೇಲೆ ಸೂಜಿ ಚುಚ್ಚುವ 361 ಬಿಂದುಗಳಿವೆ. ಆದರೆ ದೇಹ ಕೊಯ್ದು ನೋಡಿದರೂ, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಆ ದಾರಿಗಳು ಸಿಕ್ಕಿಲ್ಲ.

ಸಿಕ್ಕಿರುವುದು ಬೇರೆ. ಸೂಜಿ ಚುಚ್ಚಿದಾಗ ಚರ್ಮ ಮತ್ತು ಸ್ನಾಯುವಿನ ನರಗಳು ಎಚ್ಚರಗೊಂಡು ಬೆನ್ನುಹುರಿಗೆ, ಮಿದುಳಿಗೆ ಸುದ್ದಿ ಕಳಿಸುತ್ತವೆ. ಮಿದುಳು ತನ್ನದೇ ನೋವು ನಿವಾರಕಗಳನ್ನು ಬಿಡುತ್ತದೆ, ಅವೇ ಎಂಡಾರ್ಫಿನ್‌ಗಳು. ಇದು ಗೊತ್ತಾದದ್ದು 1970ರ ದಶಕದಲ್ಲಿ. ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ನಲೋಕ್ಸೋನ್ ಎಂಬ ಔಷಧವನ್ನು ಮೊದಲೇ ಕೊಟ್ಟು ನೋಡಿದ ಕೆಲವು ಪ್ರಯೋಗಗಳಲ್ಲಿ ಸೂಜಿಯಿಂದ ಆಗುತ್ತಿದ್ದ ನೋವಿನ ಇಳಿಕೆ ಕಡಿಮೆಯಾಯಿತು. 2010ರಲ್ಲಿ ಇಲಿಗಳ ಮೇಲಿನ ಒಂದು ಅಧ್ಯಯನದಲ್ಲಿ ಸೂಜಿ ತಿರುವಿದ ಜಾಗದಲ್ಲೇ ಅಡೆನೋಸಿನ್ ಎಂಬ ನೋವು ತಗ್ಗಿಸುವ ರಾಸಾಯನಿಕ ಹೆಚ್ಚಿದ್ದು ಕಂಡಿತು.

ಇದರ ಮೇಲೆ ಇನ್ನೊಂದಿದೆ. ಅರ್ಧ ಗಂಟೆ ಯಾರ ಕಾಟವೂ ಇಲ್ಲದೆ ಮಲಗಿರುವುದು. ನಿಮ್ಮ ನೋವಿನ ಕಥೆಯನ್ನು ಒಬ್ಬರು ಪೂರ್ತಿ ಕೇಳುವುದು. ಮೈ ಮುಟ್ಟಿ ನೋಡುವುದು. ವಾಸಿಯಾಗುತ್ತದೆ ಎಂಬ ನಂಬಿಕೆ. ಒಪಿಡಿಯಲ್ಲಿ ಎರಡು ನಿಮಿಷಕ್ಕೆ ಚೀಟಿ ಹಿಡಿದು ಹೊರಬರುವವರಿಗೆ ಇದರ ಬೆಲೆ ಗೊತ್ತು. ನೋವಿನ ವಿಷಯದಲ್ಲಿ ಇವು ಮಿದುಳಿನ ಮೇಲೆ ನಿಜವಾದ ಪರಿಣಾಮ ಮಾಡುತ್ತವೆ. ಹಾಗಾದರೆ ಕೆಲಸ ಮಾಡಿದ್ದು ಸೂಜಿಯೋ, ಇವೆಲ್ಲವೋ?

ಟೂತ್‌ಪಿಕ್ ಚುಚ್ಚಿ ನೋಡಿದರು

ಇದನ್ನು ಬೇರ್ಪಡಿಸಲು ಅಮೆರಿಕದ ಸಂಶೋಧಕರು ಒಂದು ಉಪಾಯ ಮಾಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಳೇ ಸೊಂಟ ನೋವಿನ 638 ಜನರಿದ್ದರು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಿಂದು ಆರಿಸಿ ಸೂಜಿ. ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಗೊತ್ತಾದ ಬಿಂದುಗಳಿಗೆ ಸೂಜಿ. ಮೂರನೆಯ ಗುಂಪಿಗೆ ಸೂಜಿಯೇ ಇಲ್ಲ. ಅದೇ ನಳಿಕೆ, ಅದರೊಳಗೆ ಒಂದು ಟೂತ್‌ಪಿಕ್. ಬೋರಲು ಮಲಗಿದವರ ಬೆನ್ನಿನ ಮೇಲೆ ಟಕ್ ಎಂದು ತಟ್ಟಿ, ಒಂದು ಸಲ ತಿರುವಿ, ಸದ್ದಿಲ್ಲದೆ ತೆಗೆದುಬಿಡುವುದು. ಕೊನೆಗೆ ಸೂಜಿ ಕೀಳುವವರಂತೆ ಮತ್ತೊಮ್ಮೆ ಟೂತ್‌ಪಿಕ್ ಮುಟ್ಟಿಸುವುದು. ನಾಲ್ಕನೆಯ ಗುಂಪಿಗೆ ಮಾಮೂಲಿ ಚಿಕಿತ್ಸೆ ಮಾತ್ರ.

ಎಂಟು ವಾರದ ನಂತರ ನೋಡಿದರೆ, ಸೂಜಿಯವರು, ಟೂತ್‌ಪಿಕ್‌ನವರು ಎಲ್ಲ ಸೇರಿ 100ಕ್ಕೆ ಸುಮಾರು 60 ಜನರ ಓಡಾಟ, ಕೆಲಸ ಹೇಳಿಕೊಳ್ಳುವಷ್ಟು ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ 39 ಜನರದ್ದು. ಸೂಜಿಗೂ ಟೂತ್‌ಪಿಕ್‌ಗೂ ವ್ಯತ್ಯಾಸವೇ ಕಾಣಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 2007ರಲ್ಲಿ, ಜರ್ಮನಿಯಲ್ಲಿ ಇನ್ನೂ ದೊಡ್ಡ ಅಧ್ಯಯನ ಹೊರಬಂದಿತ್ತು. 1,162 ಜನ. ಅಲ್ಲಿ ನಕಲಿ ಚಿಕಿತ್ಸೆ ಎಂದರೆ ಬಿಂದುಗಳಲ್ಲದ ಕಡೆ ಮೇಲೆ ಮೇಲೆ ಸೂಜಿ ಚುಚ್ಚುವುದು. ಆರು ತಿಂಗಳ ನಂತರ ಗುಣ ಕಂಡವರು: ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ 100ಕ್ಕೆ 47.6, ಎಲ್ಲೆಂದರಲ್ಲಿ ಚುಚ್ಚಿಸಿಕೊಂಡವರಲ್ಲಿ 44.2, ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದವರಲ್ಲಿ 27.4.

ಈ ಮೂರು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಅಕ್ಯುಪಂಕ್ಚರ್ ಬಗ್ಗೆ ನಡೆಯುವ ಜಗಳವೆಲ್ಲ ಇದರಲ್ಲೇ ಇದೆ. ಪರ ಇರುವವರು ಮೊದಲನೆಯದನ್ನೂ ಕೊನೆಯದನ್ನೂ ತೋರಿಸಿ "ಮಾಮೂಲಿ ಚಿಕಿತ್ಸೆಗಿಂತ ಎಷ್ಟೋ ಮೇಲು" ಎನ್ನುತ್ತಾರೆ. ವಿರೋಧ ಇರುವವರು ಮೊದಲಿನ ಎರಡನ್ನು ತೋರಿಸಿ "ನಕಲಿಗೂ ಇದಕ್ಕೂ ಏನು ಫರಕು?" ಎಂದು ಕೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಮಾಮೂಲಿ ಚಿಕಿತ್ಸೆಯ ಗುಂಪಿನವರಿಗೆ ತಮಗೆ ಹೊಸದೇನೂ ಸಿಗುತ್ತಿಲ್ಲ ಎಂದು ಗೊತ್ತಿತ್ತು. ವರ್ಷಗಟ್ಟಲೆ ಅದನ್ನೇ ಮಾಡಿ ಬೇಸತ್ತವರು ಅವರು. ಆ 27.4ರಲ್ಲಿ ಆ ಬೇಸರದ ಪಾಲೂ ಇದ್ದೀತು.

ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. 2018ರ ಒಂದು ವಿಶ್ಲೇಷಣೆಯಲ್ಲಿ ಸೊಂಟ, ಕುತ್ತಿಗೆ, ಮೊಣಕಾಲು, ಭುಜ, ತಲೆನೋವು ಎಲ್ಲ ಸೇರಿ 39 ಅಧ್ಯಯನಗಳ 20,827 ಜನರಿದ್ದರು. ಸೂಜಿ ನಕಲಿಗಿಂತ ಸ್ವಲ್ಪ ಮೇಲು, ಸೂಜಿಯೇ ಇಲ್ಲದಿರುವುದಕ್ಕಿಂತ ಸಾಕಷ್ಟು ಮೇಲು, ಒಂದು ವರ್ಷದ ನಂತರವೂ ಪ್ರಯೋಜನದ ಬಹುಪಾಲು ಉಳಿದಿತ್ತು ಎಂದು ಅದು ಹೇಳಿತು. 2020ರಲ್ಲಿ, ಚಿಕಿತ್ಸೆಗಳ ಆಧಾರ ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ ಹಳೇ ಸೊಂಟ ನೋವಿನ 33 ಅಧ್ಯಯನಗಳನ್ನು, 8,270 ಜನರನ್ನು ನೋಡಿತು. ನಕಲಿಗೂ ಅಸಲಿಗೂ ಇರುವ ವ್ಯತ್ಯಾಸ ರೋಗಿಗೆ ಗೊತ್ತಾಗುವಷ್ಟು ದೊಡ್ಡದಲ್ಲ ಎಂದಿತು. 2025ರಲ್ಲಿ ಅಮೆರಿಕದಲ್ಲಿ 65 ದಾಟಿದ 800 ಜನರ ಅಧ್ಯಯನ ಬಂತು. ನಕಲಿ ಗುಂಪು ಅದರಲ್ಲಿ ಇರಲಿಲ್ಲ. ಮಾಮೂಲಿ ಚಿಕಿತ್ಸೆಯ ಜೊತೆ ಸೂಜಿಯನ್ನೂ ಮಾಡಿಸಿಕೊಂಡವರಿಗೆ ವರ್ಷದ ಕೊನೆಯಲ್ಲೂ ಸಾಧಾರಣ ಲಾಭ ಕಂಡಿತು.

ನನಗೆ ಅರ್ಥವಾಗುವುದು ಇಷ್ಟು. ಸೂಜಿ ಚಿಕಿತ್ಸೆಗೆ ಹೋದ ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಬಿಂದು ಒಂದು ಅಂಗುಲ ಆಚೀಚೆ ಆದರೆ ಎಲ್ಲ ಹಾಳು ಎನ್ನುವುದಕ್ಕೆ ಆಧಾರ ತೆಳ್ಳಗಿದೆ. "ಆ ರಹಸ್ಯ ಬಿಂದು ನಮಗೆ ಮಾತ್ರ ಗೊತ್ತು" ಎಂದು ಹೇಳಿ ಜಾಸ್ತಿ ಫೀಸು ಕೇಳುವವರ ಮಾತನ್ನು ಪಕ್ಕಕ್ಕಿಡಬಹುದು.

ಒಂದು ದೇಶ ಬೇಡ ಎನ್ನುತ್ತದೆ, ಇನ್ನೊಂದು ದುಡ್ಡು ಕೊಡುತ್ತದೆ

ಜರ್ಮನಿ 2007ರಿಂದ ಹಳೇ ಸೊಂಟ ನೋವಿನ ಅಕ್ಯುಪಂಕ್ಚರಿಗೆ ಸಾರ್ವಜನಿಕ ವಿಮೆಯ ದುಡ್ಡು ಕೊಡುತ್ತಿದೆ. ಬ್ರಿಟನ್ನಿನ ಮಾರ್ಗಸೂಚಿ 2009ರಲ್ಲಿ ಕೊಡಬಹುದು ಎಂದಿತ್ತು, 2016ರಲ್ಲಿ ಸೊಂಟ ನೋವಿಗೆ ಕೊಡಬೇಡಿ ಎಂದಿತು. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ್ದರ ಪಟ್ಟಿಯಲ್ಲಿ ಇದನ್ನು ಸೇರಿಸಿತು. 2020ರಲ್ಲಿ ಅಲ್ಲಿನ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಸೂಜಿ ಚಿಕಿತ್ಸೆಗೆ ಷರತ್ತಿನ ಒಪ್ಪಿಗೆ ಇದೆ, ಆಧಾರ ಗಟ್ಟಿಯಿಲ್ಲ ಎಂಬ ಮಾತಿನ ಜೊತೆಗೆ.

ಎಲ್ಲರ ಮುಂದೆ ಇದ್ದದ್ದು ಹೆಚ್ಚುಕಡಿಮೆ ಒಂದೇ ರಾಶಿ ಅಧ್ಯಯನ. ಕೇಳಿದ ಪ್ರಶ್ನೆ ಬೇರೆ. ನಕಲಿಗಿಂತ ಎಷ್ಟು ಮೇಲು ಎಂದು ಕೇಳಿದವರು ಬೇಡ ಎಂದರು. ಮನೆಗೆ ಹೋದ ರೋಗಿ ಹೇಗಿದ್ದಾನೆ, ಮಾತ್ರೆಗಿಂತ ತೊಂದರೆ ಕಡಿಮೆಯೇ ಎಂದು ಕೇಳಿದವರು ಆಗಬಹುದು ಎಂದರು.

ಅಂದ ಹಾಗೆ, ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಸೊಂಟದ ಬೆಲ್ಟನ್ನೂ, ಎಳೆದು ಕಟ್ಟುವ ಟ್ರಾಕ್ಷನ್ನನ್ನೂ ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಆ ಬೆಲ್ಟ್ ಎಷ್ಟು ಮಾರಾಟವಾಗುತ್ತದೆ ನೋಡಿ.

ಅಪಾಯ ಇದೆಯಾ?

ಕಡಿಮೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಕೇಳಿದಾಗ 100ಕ್ಕೆ 8.6 ಜನ ಏನೋ ಒಂದು ತೊಂದರೆ ಆಯಿತು ಎಂದರು. ಬಹುಪಾಲು ಒಂದು ಹನಿ ರಕ್ತ, ನೀಲಿ ಕಲೆ, ಸ್ವಲ್ಪ ನೋವು. ಚಿಕಿತ್ಸೆ ಬೇಕಾಗುವಷ್ಟು ಆದದ್ದು 100ಕ್ಕೆ 2.2 ಜನರಿಗೆ. ಅಷ್ಟೂ ರೋಗಿಗಳಲ್ಲಿ ಇಬ್ಬರಿಗೆ ಸೂಜಿ ಎದೆಗೂಡಿನೊಳಗೆ ಹೋಗಿ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿತ್ತು. ವರ್ಷಗಟ್ಟಲೆ ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ತಂದುಕೊಳ್ಳುವುದಕ್ಕೆ ಹೋಲಿಸಿದರೆ ಇದು ಚಿಕ್ಕದು.

ಆದರೆ ಆ ಲೆಕ್ಕ ತರಬೇತಿ ಪಡೆದ ಡಾಕ್ಟರುಗಳು ಚುಚ್ಚಿದ್ದು. ಸೂಜಿ ಆಗಷ್ಟೇ ಸೀಲ್ ಒಡೆದ ಹೊಸದಾಗಿರಬೇಕು, ಒಬ್ಬರಿಗೆ ಒಂದೇ ಸಲ. ನಿಮ್ಮ ಎದುರಿಗೇ ಪ್ಯಾಕೆಟ್ ಹರಿಯಬೇಕು. "ನಿಮ್ಮ ಸೂಜಿ ನಿಮಗೇ ಎತ್ತಿಟ್ಟಿದ್ದೇವೆ, ಕುದಿಸಿದ್ದೇವೆ" ಎಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ದಾರಿ ಅದು. ಬಳಸಿದ ಸೂಜಿ ಬೀಳಬೇಕಾದ್ದು ತೂತಾಗದ ಬಿಳಿ ಡಬ್ಬಿಗೆ, ಕಸದ ಬುಟ್ಟಿಗಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಶುಗರ್ ಇದ್ದು ಕಾಲಿನ ಸ್ಪರ್ಶ ಕಡಿಮೆಯಾದವರು ಮೊದಲೇ ಹೇಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಸೂಜಿಗೆ ಕರೆಂಟು ಹರಿಸಿಕೊಳ್ಳಬಾರದು. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆ ಸುತ್ತು ಬಂದೀತು, ತಿಂಡಿ ತಿಂದು ಹೋಗಿ.

ಯಾರ ಹತ್ತಿರ ಹೋಗುವುದು?

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿದೆ. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೇ ಪ್ರತ್ಯೇಕ ಕಾಯ್ದೆ ಇದೆ. ನಮ್ಮಲ್ಲಿ ಸುಲಭವಾಗಿ ಗುರುತಿಸಬಹುದಾದ ಅರ್ಹತೆ ಎಂದರೆ ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದರಲ್ಲಿ ಅಕ್ಯುಪಂಕ್ಚರ್ ಪಾಠದ ಭಾಗ. ಬೇರೆ ಡಾಕ್ಟರುಗಳಲ್ಲೂ ಇದನ್ನು ಪ್ರತ್ಯೇಕವಾಗಿ ಕಲಿತವರಿದ್ದಾರೆ. ನಾಲ್ಕು ಭಾನುವಾರದ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ಹಾಕಿದವರೂ ಇದ್ದಾರೆ. ಏನು ಓದಿದ್ದೀರಿ ಎಂದು ಕೇಳಲು ನಾಚಿಕೆ ಬೇಡ. ರಾಜ್ಯದ ಖಾಸಗಿ ಕ್ಲಿನಿಕ್ಕುಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಮಾಡಿಸಿರಬೇಕು. ಕೆಪಿಎಂಇ ನಂಬರ್ ಬೋರ್ಡಿನಲ್ಲಿ ಇದೆಯಾ ನೋಡಿ.

ಕಲ್ಯಾಣ ಮಂಟಪದ ಒಂದು ದಿನದ ಕ್ಯಾಂಪಿನಲ್ಲಿ ಒಂದೇ ಸಲ ಚುಚ್ಚಿಸಿಕೊಂಡು ಬರುವುದರಿಂದ ಹೆಚ್ಚೇನೂ ಆಗದು. ಅಧ್ಯಯನಗಳಲ್ಲಿ ಕೊಟ್ಟದ್ದು ಹತ್ತರ ಆಸುಪಾಸು ಸಲ, ವಾರಕ್ಕೆ ಒಂದೋ ಎರಡೋ.

ಎಷ್ಟು ದಿನ, ಎಷ್ಟು ದುಡ್ಡು?

ಅಮೆರಿಕದ ಮೆಡಿಕೇರ್ ಇಟ್ಟಿರುವ ನಿಯಮ ನಮಗೂ ಅಳತೆಗೋಲಾಗಬಹುದು. 90 ದಿನದಲ್ಲಿ 12 ಸಲ. ಗುಣ ಕಂಡರೆ ಇನ್ನು 8. ವರ್ಷಕ್ಕೆ 20ರ ಮೇಲೆ ಇಲ್ಲ. ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಆರೇಳು ಸಲ ಆದ ಮೇಲೂ ನೀವು ಕೂರುವ, ಏಳುವ, ಬಗ್ಗುವ ರೀತಿಯಲ್ಲಿ ಏನೂ ಬದಲಾಗಿಲ್ಲ ಎಂದರೆ ಮುಂದುವರಿಸಲು ಕಾರಣ ಕಾಣುವುದಿಲ್ಲ. ಮುಂಗಡ 30 ಸಿಟ್ಟಿಂಗಿನ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಲೆಕ್ಕ ಹಾಕುವಾಗ ಫೀಸಿನ ಜೊತೆ ಬಸ್ ಚಾರ್ಜು, ಆ ದಿನದ ಕೂಲಿಯನ್ನೂ ಸೇರಿಸಿ. ಗುಡಿಬಂಡೆಯಿಂದ ವಾರಕ್ಕೆ ಎರಡು ಸಲ ಚಿಕ್ಕಬಳ್ಳಾಪುರಕ್ಕೆ ಬಂದು ಹೋಗುವ ಕೂಲಿಯವರಿಗೆ ಕೈಬಿಟ್ಟ ಕೂಲಿಯೇ ಫೀಸಿಗಿಂತ ದೊಡ್ಡದಾಗಬಹುದು.

ನೋವು ಇಳಿದ ಆ ದಿನಗಳಲ್ಲಿ ಏನು ಮಾಡುತ್ತೀರಿ ಎನ್ನುವುದರ ಮೇಲೂ ತುಂಬಾ ನಿಂತಿದೆ. ಆಗಲೇ ನಡಿಗೆ, ವ್ಯಾಯಾಮ ಶುರು ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮೆಲ್ಲಗೆ ನಡಿಗೆ ಹೆಚ್ಚಿಸಿಕೊಂಡು ಹೋದವರ ಗುಂಪಿನಲ್ಲಿ ನೋವು ಮರಳಲು ಸಾಮಾನ್ಯವಾಗಿ 208 ದಿನ ಹಿಡಿಯಿತು. ಇಂಥ ನಡಿಗೆಯ ಕಾರ್ಯಕ್ರಮ ಕೊಡದ ಗುಂಪಿನಲ್ಲಿ 112 ದಿನ. ನಡಿಗೆಗೆ ಯಾರ ಅಪಾಯಿಂಟ್‌ಮೆಂಟೂ ಬೇಕಿಲ್ಲ. ವ್ಯಾಯಾಮ ಯಾವುದು ಎಂದು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಯವರನ್ನು ಒಮ್ಮೆ ಕೇಳಿಕೊಂಡರೆ ಮನೆಯಲ್ಲೇ ಮಾಡಬಹುದು.

ಕೊನೆಗೆ ಮಾತ್ರೆಗಳ ವಿಷಯ. ಸೂಜಿ ಶುರು ಮಾಡಿದಾಗ "ಇಂಗ್ಲಿಷ್ ಮಾತ್ರೆ ಎಲ್ಲ ಬಿಡಿ" ಎನ್ನುವವರು ಸಿಗುತ್ತಾರೆ. ನೋವಿನ ಮಾತ್ರೆಯನ್ನು ನೋವು ಇಳಿದಂತೆ ಕಡಿಮೆ ಮಾಡಬಹುದು. ಬಿಪಿ, ಶುಗರ್, ಥೈರಾಯ್ಡ್, ಹೃದಯದ ಮಾತ್ರೆಗಳನ್ನು ಸೂಜಿಯವರು ಹೇಳಿದರೆಂದು ನಿಲ್ಲಿಸಬಾರದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.